ಗಣಿತದಲ್ಲಿ ಹಿಂದುಳಿದ ಮಗು: ಕಾರಣಶೋಧನೆಯ ಇತಿಹಾಸ

ಮುಂಬಯಿ ಅಥವಾ ಪುಣೆಯ ಒಂದು ಮರಾಠಿ ಶಾಲೆಯ ಮೂರನೆಯ ಇಯತ್ತೆಯಲ್ಲಿ ಉಪಾಧ್ಯಾಯರು ಐವತ್ತೆರಡರಿಂದ ಮೂವತ್ತೇಳನ್ನು ಕಳೆಯುವ ಲೆಕ್ಕವನ್ನು ಬಾಯಲ್ಲಿ ಹೇಳಿ ಬರೆಯಿಸಿದರೆಂದು ಭಾವಿಸೋಣ. ಒಂದು ಮಗು ೨೫ ಎಂಬ ಉತ್ತರವನ್ನು ಬರೆಯುತ್ತದೆ. ಇನ್ನೊಂದು ೧೬ ಎನ್ನುತ್ತದೆ. ಮೂರನೆಯದರ ಪಾಟಿಯ ಮೇಲೆ ೮೯ ಕಾಣುತ್ತದೆ. ನಾಲ್ಕನೆಯದು ೨೫ರ ಕೆಳಗೆ ೭೩ನ್ನು ಬರೆದುಕೊಂಡು ಮುಂದೇನೂ ತೋಚದೆ ಕುಳಿತುಬಿಡುತ್ತದೆ. ಐದನೆಯದು ಐವತ್ತೆರಡು ಗೆರೆಗಳನ್ನು ಎಳೆಯಹೊರಟು, ನಡುವೆ ಎಣಿಕೆ ತಪ್ಪಿ, ಪುನಃ ಒಂದರಿಂದ ಆರಂಭಿಸುತ್ತದೆ. ಐವರ ಪುಸ್ತಕಗಳಲ್ಲಿಯೂ ಉಪಾಧ್ಯಾಯರ ಕೆಂಪು ಶಾಯಿ ಒಂದೇ ಗುರುತನ್ನು ಹಾಕುತ್ತದೆ. ಐವರೂ ಗಣಿತದಲ್ಲಿ ಹಿಂದುಳಿದವರೆಂಬ ಒಂದೇ ಪಟ್ಟಿಗೆ ಸೇರುತ್ತಾರೆ.

ಆದರೆ ಈ ಐದು ತಪ್ಪುಗಳೂ ಒಂದೇ ಮೂಲದಿಂದ ಹುಟ್ಟಿದವಲ್ಲ. ಇವುಗಳಲ್ಲಿ ಕೆಲವು ಕಲಿಸಿದ ಕ್ರಮದಿಂದ ಬಂದವು. ಒಂದು ಭಾಷೆಯಿಂದ ಬಂದದ್ದು. ಒಂದು ಮಾತ್ರ ಬಹುಶಃ ಮಗುವಿನ ಹುಟ್ಟಿನಿಂದಲೇ ಬಂದ ತೊಡಕು. ಈ ಭೇದವನ್ನು ಕಾಣುವುದಕ್ಕೆ ವಿದ್ಯಾಜಗತ್ತು ಬಹಳ ಕಾಲ ತೆಗೆದುಕೊಂಡಿತು. ಉತ್ತರವನ್ನಷ್ಟೇ ನೋಡುತ್ತಿದ್ದ ಕಣ್ಣು, ಉತ್ತರಕ್ಕೆ ಮಗು ಬಂದ ದಾರಿಯನ್ನು ನೋಡಲು ಹೇಗೆ ಕಲಿತಿತೆಂಬುದನ್ನು ನಿರೂಪಿಸುವುದು ಈ ಲೇಖನದ ಉದ್ದೇಶ. ಹೊರನಾಡಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಇತಿಹಾಸದಲ್ಲಿ ಒಂದು ವಿಶೇಷ ಆಸಕ್ತಿಯೂ ಇದೆ. ಅದು ಮುಂದೆ ತಾನಾಗಿಯೇ ಸ್ಪಷ್ಟವಾಗುವುದು.

೧

ಕನ್ನಡನಾಡಿಗೆ ಗಣಿತದ ಪರಂಪರೆ ಹೊಸದೇನೂ ಅಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವೇ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿಯೇ ಬರೆದನು. ಇವೆಲ್ಲ ಲೆಕ್ಕವನ್ನು ಕುರಿತ ಗ್ರಂಥಗಳು; ಲೆಕ್ಕ ಬಾರದ ಮಗುವನ್ನು ಕುರಿತವಲ್ಲ. ಆ ಮಗುವನ್ನು ಕಾಣಬೇಕಾದರೆ ಗ್ರಂಥಗಳನ್ನು ಬಿಟ್ಟು ಊರಿನ ಮಠಕ್ಕೆ, ಅಂದರೆ ಅಯ್ಯಗಳ ಪಾಠಶಾಲೆಗೆ, ಹೋಗಬೇಕು.

ಅದೃಷ್ಟವಶಾತ್ ಇಂತಹ ಶಾಲೆಗಳ ಪ್ರತ್ಯಕ್ಷ ವರ್ಣನೆಯೊಂದು ನಮಗೆ ಉಳಿದುಬಂದಿದೆ. ಮದ್ರಾಸಿನ ಗವರ್ನರಾಗಿದ್ದ ಸರ್ ಥಾಮಸ್ ಮನ್ರೋ ೧೮೨೨ರಲ್ಲಿ ಆಯಾ ಜಿಲ್ಲೆಗಳ ವಿದ್ಯಾಭ್ಯಾಸದ ಸ್ಥಿತಿಯನ್ನು ಕುರಿತು ವರದಿಗಳನ್ನು ತರಿಸಿದರು. ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ ೧೮೨೩ರ ಆಗಸ್ಟಿನಲ್ಲಿ ಕಳುಹಿಸಿದ ವರದಿ ಅವುಗಳಲ್ಲಿ ಅತ್ಯಂತ ವಿವರವಾದುವುಗಳ ಸಾಲಿಗೆ ಸೇರುತ್ತದೆ. ಧರ್ಮಪಾಲರು ೧೯೮೩ರಲ್ಲಿ ಪ್ರಕಟಿಸಿದ ಸಂಕಲನದ ಮೂಲಕ ಅದು ಈಗ ಸಾಮಾನ್ಯ ಓದುಗರಿಗೂ ದೊರೆಯುವಂತಿದೆ. ಆ ಕಾಲದ ಬಳ್ಳಾರಿ ಜಿಲ್ಲೆ ಇಂದಿನದಕ್ಕಿಂತ ಬಹಳ ವಿಸ್ತಾರವಾದುದು. ಅನಂತಪುರವೂ ಅದರಲ್ಲಿಯೇ ಅಡಗಿತ್ತು. ಅಲ್ಲಿದ್ದ ಶಾಲೆಗಳು ೫೩೩, ವಿದ್ಯಾರ್ಥಿಗಳು ೬,೬೪೧. ಈ ಶಾಲೆಗಳ ಪೈಕಿ ೨೩೫ ಕನ್ನಡದವು, ೨೨೬ ತೆಲುಗಿನವು, ೨೩ ಮರಾಠಿಯವು. ಶಾಲೆಯೊಂದಕ್ಕೆ ಸರಾಸರಿ ಹನ್ನೆರಡು ಮಕ್ಕಳು.

ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಮೇಲಿನ ಗುಂಪಿನ ಹುಡುಗರು ಕೆಳಗಿನವರಿಗೆ ಕಲಿಸುವುದು, ಕೂಡುವ ಕಳೆಯುವ ಗುಣಿಸುವ ಲೆಕ್ಕಗಳು, ಹಣ ಮತ್ತು ಅಳತೆಗಳ ಪರಿವರ್ತನೆ, ಇವೆಲ್ಲವನ್ನೂ ಕ್ಯಾಂಪ್‌ಬೆಲ್ ವರ್ಣಿಸುತ್ತಾರೆ. ಅವರ ಗಮನವನ್ನು ವಿಶೇಷವಾಗಿ ಸೆಳೆದದ್ದು ಭಿನ್ನರಾಶಿಗಳ ಕ್ರಮ. ಅವು ಹತ್ತು ಹತ್ತಾಗಿ ಇಳಿಯದೆ ನಾಲ್ಕು ನಾಲ್ಕಾಗಿ ಇಳಿಯುತ್ತಿದ್ದವು: ಒಂದರ ನಾಲ್ಕನೆಯ ಪಾಲು ಕಾಲು, ಕಾಲಿನ ನಾಲ್ಕನೆಯ ಪಾಲು ವೀಸ, ಹೀಗೆ ಇನ್ನೂ ಕೆಳಕ್ಕೆ. ಈ ಭಿನ್ನರಾಶಿಗಳನ್ನೂ ಮಗ್ಗಿಗಳನ್ನೂ ಅಳತೆ ತೂಕಗಳ ಕೋಷ್ಟಕಗಳನ್ನೂ ಮಕ್ಕಳು ದಿನಕ್ಕೆರಡು ಸಲ ಸಾಲಾಗಿ ನಿಂತು, ಹಿರಿಯ ಹುಡುಗನೊಬ್ಬನು ಹೇಳಿಕೊಟ್ಟಂತೆ, ಗಟ್ಟಿಯಾಗಿ ಹೇಳಬೇಕಾಗಿತ್ತು.

ಈ ಕ್ರಮದ ಗುಣವನ್ನು ಅಲ್ಲಗಳೆಯಲಾಗದು. ಹನ್ನೆರಡು ಮಕ್ಕಳ ಶಾಲೆಯಲ್ಲಿ ಮಗು ತನ್ನ ವೇಗದಲ್ಲಿಯೇ ಮುಂದುವರಿಯಬಹುದಾಗಿತ್ತು. ವರ್ಷಕ್ಕೊಮ್ಮೆ ಎಲ್ಲರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿ ಅಳೆಯುವ ಪರೀಕ್ಷೆ ಅಲ್ಲಿರಲಿಲ್ಲ. ಆದರೆ ಅದರ ಕುರುಡು ಭಾಗವೂ ಅಷ್ಟೇ ಸ್ಪಷ್ಟವಾದುದು. ಸಾಲಿನಲ್ಲಿ ನಿಂತು ಹನ್ನೆರಡು ಕಂಠಗಳು ಮಗ್ಗಿ ಹೇಳುವಾಗ ಹದಿಮೂರನೆಯದರ ತಡವರಿಕೆ ಯಾರಿಗೂ ಕೇಳಿಸುವುದಿಲ್ಲ. ಸಾವಿರಾರು ಪದ್ಯಗಳನ್ನು ಬಾಯಿಪಾಠ ಹೇಳುವ ಹುಡುಗರಿಗೆ ಅವುಗಳ ಅರ್ಥ ಗಿಳಿಗೆ ತಿಳಿದಷ್ಟೇ ತಿಳಿದಿರುತ್ತದೆಂದು ಕ್ಯಾಂಪ್‌ಬೆಲ್ಲರೇ ಆಕ್ಷೇಪಿಸಿದ್ದಾರೆ. ಪದ್ಯಕ್ಕೆ ಹೇಳಿದ ಮಾತು ಮಗ್ಗಿಗೂ ಸಲ್ಲುವುದು.

ಅದೇ ವರದಿಯ ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ಹತ್ತಿರವಾದುದು. ಬೆಳಗ್ಗೆ ಶಾಲೆಗೆ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಅಂಗೈಯ ಮೇಲೆ ಒಂದು ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಮುಂದೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಸಂಖ್ಯೆಯ ಏರಿಕೆಯೆಂದರೇನೆಂಬುದನ್ನು ಅನೇಕ ಮಕ್ಕಳು ಮೊದಲು ಅರಿತದ್ದು ಅಂಗೈಯ ಮೇಲೆ. ಗಣಿತಕ್ಕೂ ಭಯಕ್ಕೂ ಇರುವ ನಂಟು ಇಂಗ್ಲಿಷ್ ಶಾಲೆಗಳಿಂದ ಮಾತ್ರ ಬಂದುದೆಂದು ಹೇಳುವಂತಿಲ್ಲ.

೨

ಹಿರಿಯ ವಿದ್ಯಾರ್ಥಿಯಿಂದ ಕಿರಿಯನಿಗೆ ಕಲಿಸುವ ಈ ಪದ್ಧತಿ ನಮ್ಮಲ್ಲಿಂದ ಇಂಗ್ಲೆಂಡಿಗೆ ಹೋದ ಕಥೆ ಸುಪರಿಚಿತವಾದುದು. ಮದ್ರಾಸಿನ ಎಗ್ಮೋರಿನಲ್ಲಿ ಅನಾಥ ಬಾಲಕರ ಶಾಲೆಯನ್ನು ೧೭೮೯ರಿಂದ ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್, ಮರಳಿನ ಮೇಲೆ ಬರೆಯಿಸುವುದನ್ನೂ ಹುಡುಗರಿಂದ ಹುಡುಗರಿಗೆ ಕಲಿಸುವುದನ್ನೂ ಅಲ್ಲಿ ಅಳವಡಿಸಿಕೊಂಡು, ೧೭೯೭ರಲ್ಲಿ ತಮ್ಮ ಪ್ರಯೋಗದ ವಿವರವನ್ನು ಲಂಡನ್ನಿನಲ್ಲಿ ಪ್ರಕಟಿಸಿದರು. ಅಲ್ಲಿ ಅದು ‘ಮದ್ರಾಸ್ ಪದ್ಧತಿ’ ಎಂದು ಹೆಸರಾಯಿತು. ಹೋದದ್ದು ಹೀಗಾದರೆ, ಮರಳಿ ಬಂದದ್ದು ಬೇರೊಂದು ವಸ್ತು.

೧೮೬೨ರಲ್ಲಿ ರಾಬರ್ಟ್ ಲೋ ಎಂಬ ಮಂತ್ರಿ ಇಂಗ್ಲೆಂಡಿನಲ್ಲಿ ಹೊಸ ನಿಯಮಾವಳಿಯನ್ನು ಜಾರಿಗೆ ತಂದರು. ಓದು, ಬರಹ, ಲೆಕ್ಕಗಳಲ್ಲಿ ಇನ್‌ಸ್ಪೆಕ್ಟರು ಪ್ರತಿಯೊಂದು ಮಗುವನ್ನೂ ಪರೀಕ್ಷಿಸಬೇಕು; ಹಾಜರಾತಿಗೂ ತೇರ್ಗಡೆಗೂ ತಕ್ಕಂತೆ ಶಾಲೆಗೆ ಅನುದಾನ ದೊರೆಯಬೇಕು. ‘ಫಲಕ್ಕೆ ತಕ್ಕ ಹಣ’ವೆಂಬ ಈ ತತ್ತ್ವ ಬಹುಬೇಗ ಮದ್ರಾಸು, ಮುಂಬಯಿ ಪ್ರಾಂತಗಳಿಗೂ ಬಂದಿತು, ೧೮೮೨ರ ಹಂಟರ್ ಆಯೋಗದ ಮುಂದೆ ಅದರ ಗುಣದೋಷಗಳ ಚರ್ಚೆ ನಡೆಯಿತು. ಲೆಕ್ಕ ತಪ್ಪಿದ ಮಗು ಈಗ ಶಾಲೆಯ ವರಮಾನಕ್ಕೆ ಕುಂದು ತಂದ ಮಗುವಾಯಿತು. ತಪ್ಪಿದವರೆಷ್ಟು ಎಂಬುದು ರಿಜಿಸ್ಟರಿನಲ್ಲಿ ಸ್ಪಷ್ಟವಾಗಿ ದಾಖಲಾಯಿತು. ಏಕೆ ತಪ್ಪಿದರು ಎಂಬುದಕ್ಕೆ ರಿಜಿಸ್ಟರಿನಲ್ಲಿ ಕಲಮು ಇರಲಿಲ್ಲ. ಆ ಕಾಲದ ಪರೀಕ್ಷೆಯ ರೀತಿ ಇಂದಿಗೂ ಹೆಚ್ಚು ಬದಲಾಗಿಲ್ಲವೆಂಬುದನ್ನು ಪ್ರಗತಿಪತ್ರಕದ ಯಾವ ಪುಟವೂ ತೋರಿಸಬಲ್ಲದು.

೩

ಕಾರಣವನ್ನು ಹುಡುಕಿದವರಲ್ಲಿ ಮೊದಲಿಗರು ಶಾಲೆಯವರಲ್ಲ, ವೈದ್ಯರು. ಪ್ಯಾರಿಸ್ಸಿನಲ್ಲಿ ೧೯೦೫ರಲ್ಲಿ ಬಿನೆ ಮತ್ತು ಸಿಮೊನ್ ರೂಪಿಸಿದ ಬುದ್ಧಿಮಾಪಕ ಪರೀಕ್ಷೆ, ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಅವರಿಗೆ ಬೇರೆ ಏರ್ಪಾಡು ಮಾಡುವ ಉದ್ದೇಶದಿಂದಲೇ ಹುಟ್ಟಿತು. ಆದರೆ ಅದು ಒಟ್ಟು ಬುದ್ಧಿಯನ್ನು ಅಳೆಯಿತು. ಬುದ್ಧಿ ಸರಿಯಾಗಿದ್ದು ಲೆಕ್ಕ ಮಾತ್ರ ಬಾರದ ಮಗು ಅದರ ಬಲೆಗೆ ಸಿಕ್ಕಲಿಲ್ಲ.

ಅಂಥ ಸ್ಥಿತಿ ಸಾಧ್ಯವೆಂಬ ಸುಳಿವು ಬಂದದ್ದು ವಯಸ್ಕ ರೋಗಿಗಳಿಂದ. ಮಿದುಳಿಗೆ ಪೆಟ್ಟು ಬಿದ್ದವರಲ್ಲಿ ಕೆಲವರು ಮಾತು, ನೆನಪು, ವಿವೇಕಗಳನ್ನು ಉಳಿಸಿಕೊಂಡಿದ್ದರೂ ಎಣಿಸುವ, ಕೂಡುವ ಶಕ್ತಿಯನ್ನು ಕಳೆದುಕೊಳ್ಳುತ್ತಿದ್ದರು. ಸ್ವೀಡನ್ನಿನ ಸಾಲೊಮನ್ ಹೆನ್‌ಷನ್ ೧೯೧೯ರ ಸುಮಾರಿಗೆ ಈ ನಷ್ಟಕ್ಕೆ ‘ಅಕಾಲ್‌ಕುಲಿಯಾ’ ಎಂಬ ಹೆಸರನ್ನು ಕೊಟ್ಟರು. ವಿಯೆನ್ನಾದ ಜೋಸೆಫ್ ಗೆರ್ಸ್ಟ್‌ಮನ್ ೧೯೨೪ರಿಂದ ೧೯೩೦ರ ವರೆಗಿನ ಲೇಖನಗಳಲ್ಲಿ ಇನ್ನೂ ವಿಚಿತ್ರವಾದ ಸಂಗತಿಯೊಂದನ್ನು ತಿಳಿಸಿದರು. ಮಿದುಳಿನ ಎಡಪಾರ್ಶ್ವದ ಒಂದು ನಿರ್ದಿಷ್ಟ ಭಾಗಕ್ಕೆ ಹಾನಿಯಾದಾಗ ಲೆಕ್ಕ ತಪ್ಪುವುದರ ಜೊತೆಗೆ ಬರಹವೂ ಕೆಡುವುದು, ಎಡಬಲಗಳ ಭೇದ ತಿಳಿಯದಾಗುವುದು, ತನ್ನ ಕೈಬೆರಳುಗಳಲ್ಲಿ ಇದು ಯಾವುದೆಂದು ಗುರುತಿಸಲಾಗದಂತೆಯೂ ಆಗುವುದು.

ಬೆರಳಿಗೂ ಎಣಿಕೆಗೂ ಇರುವ ಈ ಸಂಬಂಧ ನಮ್ಮ ಜನಕ್ಕೆ ಆಶ್ಚರ್ಯ ತರಲಾರದು. ‘ಬೆರಳೆಣಿಕೆಯಷ್ಟು’ ಎಂಬ ಮಾತು ನಮ್ಮ ನಿತ್ಯದ ಬಳಕೆಯಲ್ಲಿದೆ. ಹೆಬ್ಬೆರಳ ತುದಿಯನ್ನು ಉಳಿದ ಬೆರಳುಗಳ ಗೆಣ್ಣಿನಿಂದ ಗೆಣ್ಣಿಗೆ ಸರಿಸುತ್ತ ಜಪವನ್ನೂ ಎಣ್ಣೆ ಬೆಲ್ಲಗಳ ಲೆಕ್ಕವನ್ನೂ ಎಣಿಸುವ ಅಜ್ಜಿಯರನ್ನು ನಾವೆಲ್ಲ ಕಂಡವರೇ. ಆದರೂ ತರಗತಿಯಲ್ಲಿ ಬೆರಳು ಮಡಿಸಿ ಎಣಿಸುವ ಮಗುವಿಗೆ ಬೈಗಳೇ ಗತಿ. ಆರು ವರ್ಷದ ಮಗು ಬೆರಳೆಣಿಸುವುದು ಸಹಜ. ಹತ್ತು ವರ್ಷದ ಮಗು ಐದಕ್ಕೆ ಮೂರನ್ನು ಕೂಡಿಸಲು ಪ್ರತಿಸಲವೂ ಒಂದರಿಂದಲೇ ಬೆರಳೆಣಿಸಿದರೆ, ಅಲ್ಲಿ ನೋಡಬೇಕಾದದ್ದು ಏನೋ ಇದೆ. ಬೈದು ಬೆರಳುಗಳನ್ನು ಮೇಜಿನ ಕೆಳಗೆ ಅಡಗಿಸುವಂತೆ ಮಾಡಿದರೆ ಆ ಕುರುಹೇ ಮರೆಯಾಗುತ್ತದೆ.

೪

ತಪ್ಪನ್ನೇ ಪ್ರಮಾಣವಾಗಿ ಇಟ್ಟುಕೊಂಡು ಮಗುವಿನ ಮನಸ್ಸನ್ನು ಓದುವ ಪ್ರಯತ್ನ ಅಮೆರಿಕದಲ್ಲಿ ನಡೆಯಿತು. ಷಿಕಾಗೋ ವಿಶ್ವವಿದ್ಯಾಲಯದ ಗೈ ಬಸ್ವೆಲ್ ಮತ್ತು ಲೆನೋರ್ ಜಾನ್ ಎಂಬುವರು ಮಕ್ಕಳಿಗೆ ಲೆಕ್ಕ ಕೊಟ್ಟು, ಮಾಡುತ್ತಿರುವುದನ್ನು ಬಾಯಿಬಿಟ್ಟು ಹೇಳುವಂತೆ ಕೇಳಿಕೊಂಡರು; ಹೇಳಿದ್ದನ್ನು ಬರೆದಿಟ್ಟರು. ೧೯೨೬ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಕ್ರಿಯೆಗಳಲ್ಲಿ ಮಕ್ಕಳು ರೂಢಿಸಿಕೊಂಡ ಅಡ್ಡದಾರಿಗಳ ದೀರ್ಘವಾದ ಪಟ್ಟಿಗಳಿವೆ. ಉತ್ತರ ಸರಿಯಿದ್ದಾಗಲೂ ದಾರಿ ತಪ್ಪಿರಬಹುದು, ಉತ್ತರ ತಪ್ಪಿದ್ದಾಗಲೂ ದಾರಿಯ ಬಹುಭಾಗ ಸರಿಯಿರಬಹುದು ಎಂಬುದು ಅವರ ಕೆಲಸದಿಂದ ಸ್ಪಷ್ಟವಾಯಿತು. ಅರ್ಧ ಶತಮಾನದ ನಂತರ, ೧೯೭೮ರಲ್ಲಿ, ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಕಂಪ್ಯೂಟರಿನ ಸಹಾಯದಿಂದ ಇದೇ ಕೆಲಸವನ್ನು ಮುಂದುವರಿಸಿ, ವ್ಯವಕಲನದಲ್ಲಿ ಮಕ್ಕಳ ತಪ್ಪುಗಳು ಅಡ್ಡಾದಿಡ್ಡಿಯಾಗಿ ಬೀಳುವುದಿಲ್ಲ, ಒಂದು ನಿಯಮವನ್ನು ಅನುಸರಿಸುತ್ತವೆ ಎಂದು ತೋರಿಸಿದರು.

ಬ್ಯಾಂಕಿನ ಲೆಕ್ಕಪತ್ರಗಳಲ್ಲಿ ಕೈಯಾಡಿಸುವವರಿಗೆ ಇದು ಅಪರಿಚಿತ ವಿಚಾರವಲ್ಲ. ದಿನದ ಕೊನೆಯಲ್ಲಿ ಎರಡು ಮೊತ್ತಗಳು ತಾಳೆಯಾಗದೆ ಉಳಿದ ವ್ಯತ್ಯಾಸ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ, ಎಲ್ಲಿಯೋ ಎರಡು ಅಂಕೆಗಳು ಹಿಂದುಮುಂದಾಗಿವೆಯೆಂದು ಮೊದಲು ಸಂಶಯಪಡುವುದು ಹಳೆಯ ಗುಮಾಸ್ತರ ರೂಢಿ. ೫೪ರ ಬದಲು ೪೫ ಬರೆದರೆ ವ್ಯತ್ಯಾಸ ೯. ೭೨ರ ಬದಲು ೨೭ ಬರೆದರೆ ೪೫. ವ್ಯತ್ಯಾಸದ ಸರಿಯಾದ ಅರ್ಧವೇ ಆ ದಿನದ ಯಾವುದಾದರೊಂದು ರಕಮಾಗಿದ್ದರೆ, ಜಮೆಯ ಕಡೆಗೆ ಹೋಗಬೇಕಾದುದು ಖರ್ಚಿನ ಕಡೆಗೆ ಬಿದ್ದಿರಬಹುದು. ತಪ್ಪು ತನ್ನ ಹೆಜ್ಜೆಯ ಗುರುತನ್ನು ಬಿಟ್ಟೇ ಹೋಗುತ್ತದೆ. ಗುಮಾಸ್ತನಿಗೆ ನಾವು ತೋರಿಸುವ ಈ ಸೌಜನ್ಯವನ್ನು ಮಗುವಿಗೂ ತೋರಿಸಬೇಕೆಂಬುದೇ ಬಸ್ವೆಲ್ಲರ ಅಧ್ಯಯನದ ಸಾರಾಂಶ.

ಹೀಗೆ ನೋಡಿದಾಗ ಮೊದಲಲ್ಲಿ ಹೇಳಿದ ಉತ್ತರಗಳು ಬಾಯಿಬಿಡುತ್ತವೆ. ೨೫ ಬರೆದ ಮಗು ಪ್ರತಿ ಸ್ಥಾನದಲ್ಲಿಯೂ ದೊಡ್ಡ ಅಂಕೆಯಿಂದ ಚಿಕ್ಕದನ್ನು ಕಳೆದಿದೆ: ಐದರಿಂದ ಮೂರು ಹೋದರೆ ಎರಡು, ಏಳರಿಂದ ಎರಡು ಹೋದರೆ ಐದು. ಚಿಕ್ಕದರಿಂದ ದೊಡ್ಡದನ್ನು ಕಳೆಯಲಾಗದೆಂದು ಹಿಂದಿನ ತರಗತಿಯಲ್ಲಿ ಕಲಿಸಿದ ಮಾತನ್ನು ಅದು ನಿಷ್ಠೆಯಿಂದ ಪಾಲಿಸಿದೆ. ದಶಕ ತೆಗೆದುಕೊಳ್ಳುವುದರ ಅರ್ಥ ಅದಕ್ಕೆ ತಲುಪಿಲ್ಲ. ೧೬ ಎಂದ ಮಗು ಐವತ್ತೆರಡರಿಂದ ಹಿಂದಕ್ಕೆ ಮೂವತ್ತೇಳು ಹೆಜ್ಜೆ ಎಣಿಸಿದೆ, ಆದರೆ ಐವತ್ತೆರಡನ್ನೇ ಮೊದಲ ಹೆಜ್ಜೆಯಾಗಿ ಹಿಡಿದಿದೆ. ಅದರ ಸಂಖ್ಯಾಜ್ಞಾನ ಗಟ್ಟಿಯಾಗಿಯೇ ಇದೆ. ಎಣಿಕೆಯ ಆರಂಭವಷ್ಟೇ ತಪ್ಪಿದೆ. ೮೯ ಬರೆದ ಮಗು ಕಳೆಯುವ ಬದಲು ಕೂಡಿಸಿದೆ. ಅವಸರವಿದ್ದೀತು, ಚಿಹ್ನೆಗಳ ಗೊಂದಲವೂ ಇದ್ದೀತು. ಒಂದು ಲೆಕ್ಕದಿಂದ ತೀರ್ಮಾನಿಸಲಾಗದು, ಹತ್ತು ಲೆಕ್ಕಗಳಲ್ಲಿ ಮರುಕಳಿಸಿದರೆ ತೀರ್ಮಾನಿಸಬಹುದು. ಈ ಮೂವರಿಗೂ ಬೇಕಾದ ಪಾಠಗಳು ಬೇರೆ ಬೇರೆ. ಮೂವರಿಗೂ ಇನ್ನೂ ನೂರು ಲೆಕ್ಕಗಳನ್ನು ಮನೆಗೆಲಸವಾಗಿ ಕೊಡುವುದರಿಂದ ಅವರವರ ತಪ್ಪು ಇನ್ನಷ್ಟು ಬೇರೂರುವುದೇ ಹೊರತು ಬೇರೆ ಫಲವಿಲ್ಲ.

೫

ಗೆರೆ ಎಳೆದು ಎಣಿಕೆ ತಪ್ಪಿದ ಐದನೆಯ ಮಗು ಈಗ ನಮ್ಮ ಮುಂದಿದೆ. ವೈದ್ಯರ ದಾರಿಯೂ ಶಿಕ್ಷಕರ ದಾರಿಯೂ ಈ ಮಗುವಿನ ಬಳಿ ಕೂಡಿಕೊಂಡವು. ಆಗಿನ ಚೆಕೊಸ್ಲೊವಾಕಿಯದ ಬ್ರಾಟಿಸ್ಲಾವಾ ನಗರದ ಮನಶ್ಶಾಸ್ತ್ರಜ್ಞ ಲಾದಿಸ್ಲಾವ್ ಕೋಷ್, ಸಾಮಾನ್ಯ ಬುದ್ಧಿಶಕ್ತಿಗೆ ಕುಂದಿಲ್ಲದೆ ಗಣನಶಕ್ತಿ ಮಾತ್ರ ಬೆಳೆಯದಿರುವ ಸ್ಥಿತಿಯನ್ನು ‘ಬೆಳವಣಿಗೆಯ ಡಿಸ್‌ಕ್ಯಾಲ್‌ಕುಲಿಯಾ’ ಎಂದು ಕರೆದರು. ಕನ್ನಡದಲ್ಲಿ ಇದನ್ನು ಗಣನ ನ್ಯೂನತೆ ಎನ್ನಬಹುದು. ೧೯೭೪ರ ಅವರ ಪ್ರಸಿದ್ಧ ಲೇಖನದ ಪ್ರಕಾರ ಪರೀಕ್ಷಿಸಿದ ೩೭೫ ಮಕ್ಕಳಲ್ಲಿ ಶೇಕಡಾ ೬.೪ರಷ್ಟು ಮಂದಿಯಲ್ಲಿ ಇದು ಕಂಡಿತು. ಕೋಷ್ ಇದನ್ನು ಆರು ಬಗೆಗಳಾಗಿ ವಿಂಗಡಿಸಿದರು. ಏಳು ಎಂದರೆ ಏಳು ಗೋಲಿಗಳನ್ನು ಎತ್ತಿಕೊಡಲಾರದ ಮಗು ಒಂದು ಬಗೆ. ವಸ್ತುಗಳ ಗುಂಪುಗಳನ್ನು ನೋಡಿ ಹೆಚ್ಚು ಕಡಿಮೆ ಹೇಳಲಾರದ್ದು ಇನ್ನೊಂದು. ಅಂಕೆ ಚಿಹ್ನೆಗಳನ್ನು ಓದಲಾಗದ್ದು, ಅವುಗಳನ್ನು ಬರೆಯಲಾಗದ್ದು, ಸಂಖ್ಯೆಯ ಕಲ್ಪನೆಯೇ ಮನಸ್ಸಿನಲ್ಲಿ ನಿಲ್ಲದ್ದು, ಒಂದು ಕ್ರಿಯೆಯ ಬದಲು ಮತ್ತೊಂದನ್ನು ಮಾಡುವುದು, ಇವು ಉಳಿದವು.

ಇಪ್ಪತ್ತೆರಡು ವರ್ಷಗಳ ತರುವಾಯ, ೧೯೯೬ರಲ್ಲಿ, ಇಸ್ರೇಲಿನ ರೂತ್ ಶಾಲೆವ್ ಮತ್ತು ಸಂಗಡಿಗರು ಜೆರುಸಲೇಮಿನಲ್ಲಿ ೩,೦೨೯ ಮಕ್ಕಳಿಂದ ಆರಂಭಿಸಿ ನಡೆಸಿದ ಅಧ್ಯಯನದಲ್ಲಿ ಬಂದ ಪ್ರಮಾಣವೂ ಹೆಚ್ಚು ಕಡಿಮೆ ಅದೇ: ಶೇಕಡಾ ೬.೫. ಹುಡುಗರು ಹುಡುಗಿಯರು ಬಹುಮಟ್ಟಿಗೆ ಸಮ. ಹೆಣ್ಣುಮಕ್ಕಳಿಗೆ ಲೆಕ್ಕ ಒಗ್ಗದೆಂಬ ನಂಬಿಕೆಗೆ ಇಲ್ಲಿ ಆಧಾರವಿಲ್ಲ. ಈ ಮಕ್ಕಳನ್ನು ಆರು ವರ್ಷಗಳ ನಂತರ ಪುನಃ ಪರೀಕ್ಷಿಸಿದಾಗ ಶೇಕಡಾ ೪೦ರಷ್ಟು ಮಂದಿಯಲ್ಲಿ ನ್ಯೂನತೆ ಹಾಗೆಯೇ ಉಳಿದಿತ್ತು. ಶೇಕಡಾ ೯೫ರಷ್ಟು ಮಂದಿ ತರಗತಿಯ ಕೆಳಗಿನ ಕಾಲುಭಾಗದಲ್ಲಿಯೇ ಇದ್ದರು. ದೊಡ್ಡವನಾದ ಮೇಲೆ ತಾನಾಗಿಯೇ ಸರಿಹೋಗುತ್ತದೆಂಬ ಸಮಾಧಾನದ ಮಾತನ್ನು ಈ ಅಂಕಿಗಳು ಒಪ್ಪುವುದಿಲ್ಲ.

ಸ್ತಾನಿಸ್ಲಾ ದೆಹೇನ್, ಬ್ರಯನ್ ಬಟರ್‌ವರ್ತ್ ಮೊದಲಾದವರ ಕೃತಿಗಳು ೧೯೯೦ರ ದಶಕದಿಂದ ಈ ವಿಚಾರವನ್ನು ಇನ್ನೂ ಆಳಕ್ಕೆ ಒಯ್ದಿವೆ. ಶಾಲೆಗೆ ಬರುವ ಮೊದಲೇ ಶಿಶುವಿಗೆ ಪ್ರಮಾಣದ ಒಂದು ಸಹಜ ಅರಿವಿರುತ್ತದೆ. ಮೂರು ಚುಕ್ಕೆಗಳನ್ನು ಎಣಿಸದೆಯೇ ಮೂರೆಂದು ಕಾಣುವುದು ಈ ಅರಿವಿನಿಂದ. ಗಣನ ನ್ಯೂನತೆಯುಳ್ಳ ಮಗು ಆ ಮೂರನ್ನೂ ಒಂದೊಂದಾಗಿ ಎಣಿಸಬಹುದು. ಎಂಟು ದೊಡ್ಡದೋ ಐದು ದೊಡ್ಡದೋ ಎಂದರೆ ಉತ್ತರ ಸರಿಯಾಗಿಯೇ ಬರಬಹುದು, ಆದರೆ ತಡವಾಗಿ ಬರುತ್ತದೆ. ಆದಕಾರಣ ಬಟರ್‌ವರ್ತ್ ೨೦೦೩ರಲ್ಲಿ ಪ್ರಕಟಿಸಿದ ಪರೀಕ್ಷೆ ಚುಕ್ಕೆ ಎಣಿಸುವುದು, ಅಂಕೆ ಹೋಲಿಸುವುದು ಮುಂತಾದ ಅತಿ ಸರಳ ಕೆಲಸಗಳನ್ನು ಕೊಟ್ಟು, ಉತ್ತರದೊಂದಿಗೆ ಉತ್ತರಿಸಲು ಹಿಡಿದ ಕಾಲವನ್ನೂ ಅಳೆಯುತ್ತದೆ. ನಮ್ಮ ಐದನೆಯ ಮಗುವಿಗೆ ಐವತ್ತೆರಡು, ಮೂವತ್ತೇಳು ಎಂಬ ಹೆಸರುಗಳು ಗೊತ್ತು. ಅವುಗಳ ಗಾತ್ರ ಮಾತ್ರ ಅದರ ಕಣ್ಣಿಗೆ ಕಟ್ಟುವುದಿಲ್ಲ. ಇಂಥ ಮಗು ಗಡಿಯಾರ ನೋಡುವುದರಲ್ಲಿ, ಅಂಗಡಿಯಲ್ಲಿ ಚಿಲ್ಲರೆ ಎಣಿಸಿಕೊಳ್ಳುವುದರಲ್ಲಿ, ಇಪ್ಪತ್ತರಿಂದ ಹಿಂದಕ್ಕೆ ಎಣಿಸುವುದರಲ್ಲಿ ಸಹ ತಡವರಿಸುತ್ತದೆ. ಅದೇ ಮಗು ಕಥೆ ಹೇಳುವುದರಲ್ಲಿ ಮುಂದಿರಬಹುದು. ಮನೆಯವರು ಇದನ್ನು ಸೋಮಾರಿತನವೆಂದು ಭಾವಿಸುವುದು ಈ ಕಾರಣದಿಂದಲೇ.

೬

ನಾಲ್ಕನೆಯ ಮಗುವಿನ ವಿಚಾರ ಉಳಿಯಿತು. ಹೊರನಾಡ ಕನ್ನಡಿಗರಿಗೆ ಅತ್ಯಂತ ನಿಕಟವಾದುದು ಇದೇ.

ಕನ್ನಡದಲ್ಲಿ ಸಂಖ್ಯಾವಾಚಕಗಳು ಬಹುಮಟ್ಟಿಗೆ ಬರಹದ ಕ್ರಮವನ್ನೇ ಅನುಸರಿಸುತ್ತವೆ. ಹದಿಮೂರರಲ್ಲಿ ಹತ್ತು ಮೊದಲು, ಮೂರು ಆಮೇಲೆ. ಐವತ್ತೆರಡರಲ್ಲಿ ಐವತ್ತು ಮೊದಲು, ಎರಡು ಆಮೇಲೆ. ಕೇಳಿದ ಕ್ರಮದಲ್ಲಿಯೇ ಬರೆದರೆ ಸಾಕು. ಮರಾಠಿ, ಹಿಂದಿಗಳಲ್ಲಿ ಹಾಗಲ್ಲ. ಮರಾಠಿಯ ಐವತ್ತೆರಡು ‘ಬಾವನ್ನ’. ಅಲ್ಲಿ ಎರಡು ಮೊದಲು ಕೇಳಿಸುತ್ತದೆ. ಮೂವತ್ತೇಳು ‘ಸದತೀಸ’, ಅಲ್ಲಿ ಏಳು ಮುಂದೆ, ಮೂವತ್ತು ಹಿಂದೆ. ಇಪ್ಪತ್ತೊಂಬತ್ತನ್ನು ‘ಏಕೋಣತೀಸ’ ಎಂದು ಮೂವತ್ತಕ್ಕೆ ಒಂದು ಕಡಿಮೆಯಾಗಿ ಹೇಳುವುದುಂಟು. ಮನೆಯಲ್ಲಿ ಕನ್ನಡದ ಎಣಿಕೆಗೆ ಒಗ್ಗಿದ ಮಗು ಮರಾಠಿ ಶಾಲೆಯಲ್ಲಿ ‘ಬಾವನ್ನ’ವನ್ನು ಕೇಳಿದ ಕ್ರಮದಲ್ಲಿ ೨೫ ಎಂದೂ ‘ಸದತೀಸ’ವನ್ನು ೭೩ ಎಂದೂ ಬರೆದರೆ, ಆಮೇಲೆ ೨೫ರಿಂದ ೭೩ನ್ನು ಹೇಗೆ ಕಳೆದೀತು? ಶಬ್ದಗಳೂ ಕೆಲವೊಮ್ಮೆ ಮೋಸಮಾಡುತ್ತವೆ. ಹಳೆಯ ಕನ್ನಡ ಲೆಕ್ಕದಲ್ಲಿ ‘ವೀಸ’ ಹದಿನಾರನೆಯ ಒಂದು ಪಾಲು. ಮರಾಠಿಯಲ್ಲಿ ‘ವೀಸ’ ಇಪ್ಪತ್ತು. ದೇವನಾಗರಿಯ ಒಂದರ ಅಂಕೆ ಇಂಗ್ಲಿಷಿನ ಒಂಬತ್ತನ್ನು ಹೋಲುತ್ತದೆ. ಎರಡು ಲಿಪಿಗಳ ನಡುವೆ ಓಡಾಡುವ ಮಗುವಿನ ತಪ್ಪನ್ನು ಓದುವಾಗ ಇವನ್ನೆಲ್ಲ ಗಮನದಲ್ಲಿಡಬೇಕು.

ಇದು ಕೇವಲ ವಲಸೆ ಬಂದವರ ಮಕ್ಕಳ ಕಷ್ಟವೆಂದು ತಿಳಿಯಬಾರದು. ಜರ್ಮನ್ ಭಾಷೆಯಲ್ಲಿಯೂ ಬಿಡಿ ಮೊದಲು, ಹತ್ತು ಆಮೇಲೆ. ೨೦೦೯ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಜರ್ಮನ್ ಮಾತನಾಡುವ ಮೊದಲ ತರಗತಿಯ ಮಕ್ಕಳು ಸಂಖ್ಯೆಗಳ ಉಕ್ತಲೇಖನದಲ್ಲಿ ಮಾಡಿದ ತಪ್ಪುಗಳ ಪೈಕಿ ಸುಮಾರು ಅರ್ಧದಷ್ಟು ಈ ಹಿಂದುಮುಂದಿಗೆ ಸಂಬಂಧಿಸಿದವು. ಮಹಾರಾಷ್ಟ್ರದಲ್ಲಿಯೇ ೨೦೧೯ರಲ್ಲಿ ಬಾಲಭಾರತಿಯ ಎರಡನೆಯ ಇಯತ್ತೆಯ ಗಣಿತ ಪುಸ್ತಕ ‘ಏಕವೀಸ’ದ ಜೊತೆಗೆ ‘ವೀಸ ಏಕ’ ಎಂಬ ರೂಪವನ್ನೂ ಪರಿಚಯಿಸಿತು. ಗಣಿತ ವಿಷಯ ಸಮಿತಿಯ ಮುಖ್ಯಸ್ಥರಾಗಿದ್ದ ಗಣಿತಜ್ಞೆ ಮಂಗಲಾ ನಾರ್ಳೀಕರ್ ಮಕ್ಕಳಿಗಾಗುವ ಗೊಂದಲವನ್ನು ಮುಂದಿಟ್ಟು ಈ ಬದಲಾವಣೆಯನ್ನು ಸಮರ್ಥಿಸಿದರು. ಭಾಷೆಯ ಸೊಗಸು ಕೆಡುವುದೆಂದು ದೊಡ್ಡ ಗದ್ದಲವೆದ್ದು, ಮಾತು ವಿಧಾನಸಭೆಯವರೆಗೂ 	ಹೋಯಿತು. ಆ ವಾದದ ತೀರ್ಪನ್ನು ನಾವು ಕೊಡಬೇಕಾದುದಿಲ್ಲ. ಮರಾಠಿಯ ಸಂಖ್ಯಾವಾಚಕಗಳಿಗೆ ಅವುಗಳದೇ ಆದ ದೀರ್ಘ ಇತಿಹಾಸವೂ ಚೆಲುವೂ ಇವೆ. ನಮಗೆ ಪ್ರಕೃತವಾದುದು ಇಷ್ಟೇ: ಆ ಸುಧಾರಣೆ ತರಬಯಸಿದ ಕ್ರಮ ಕನ್ನಡದ ಮಗುವಿನ ನಾಲಗೆಯ ಮೇಲೆ ಮೊದಲಿನಿಂದಲೂ ಇದೆ. ನಾಲ್ಕನೆಯ ಮಗುವನ್ನು ಕನ್ನಡದಲ್ಲಿ ಕೇಳಿದರೆ ಅದು ಹದಿನೈದು ಎಂದು ಸರಿಯಾದ ಉತ್ತರವನ್ನೇ ಕೊಟ್ಟೀತು.

೭

ಭಾರತದಲ್ಲಿ ಈ ವಿಷಯಕ್ಕೆ ಸಂಸ್ಥೆಗಳ ಬೆಂಬಲ ದೊರೆತದ್ದು ಇತ್ತೀಚೆಗೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಾಲವಿಕಾ ಕಪೂರ್ ಮತ್ತು ಸಹೋದ್ಯೋಗಿಗಳು ೧೯೯೦ರ ದಶಕದ ಆರಂಭದಲ್ಲಿ, ಐದರಿಂದ ಏಳು ವರ್ಷದವರಿಗೊಂದು, ಎಂಟರಿಂದ ಹನ್ನೆರಡು ವರ್ಷದವರಿಗೊಂದು, ಹೀಗೆ ಎರಡು ಹಂತಗಳ ಪರೀಕ್ಷಾಮಾಲೆಯನ್ನು ರಚಿಸಿದರು. ಮಹಾರಾಷ್ಟ್ರ ಸರಕಾರ ೧೯೯೬ರಲ್ಲಿ ಕಲಿಕೆಯ ನ್ಯೂನತೆಯುಳ್ಳ ವಿದ್ಯಾರ್ಥಿಗಳಿಗೆ ಎಸ್.ಎಸ್.ಸಿ. ಪರೀಕ್ಷೆಯಲ್ಲಿ ರಿಯಾಯಿತಿಗಳನ್ನು ಒದಗಿಸಿತು. ಬೀಜಗಣಿತ, ಭೂಮಿತಿಗಳ ಬದಲು ಕೆಳತರಗತಿಯ ಗಣಿತವನ್ನು ತೆಗೆದುಕೊಳ್ಳಲು ಅವಕಾಶವಾಯಿತು. ಅಂಗವಿಕಲರ ಹಕ್ಕುಗಳನ್ನು ಕುರಿತ ೨೦೧೬ರ ಕೇಂದ್ರ ಕಾಯಿದೆ ಗಣನ ನ್ಯೂನತೆಯನ್ನು ಹೆಸರಿಸಿಯೇ ಸೇರಿಸಿಕೊಂಡಿತು. ೨೦೧೮ರ ಜನವರಿಯ ಮಾರ್ಗಸೂಚಿ ನಿಮ್ಹಾನ್ಸ್ ಪರೀಕ್ಷಾಮಾಲೆಯನ್ನು ಅಂಗೀಕರಿಸಿ, ಎಂಟು ವರ್ಷ ತುಂಬಿದವರಿಗೆ ಮಾತ್ರ ಪ್ರಮಾಣಪತ್ರ ಕೊಡಬೇಕೆಂದು ವಿಧಿಸಿತು. ಅದಕ್ಕೆ ಮೊದಲು ಶಾಲೆಗೆ ಹೊಸಬನಾದ ಮಗುವನ್ನೂ ನ್ಯೂನತೆಯುಳ್ಳ ಮಗುವನ್ನೂ ಬೇರ್ಪಡಿಸುವುದು ಕಷ್ಟ.

ಇನ್ನೊಂದು ಕಡೆ ದೇಶದ ಒಟ್ಟು ಚಿತ್ರವನ್ನು ಕೊಡುವ ಕೆಲಸವೂ ನಡೆದಿದೆ. ೧೯೯೫ರಲ್ಲಿ ಮುಂಬಯಿಯಲ್ಲಿ ಆರಂಭವಾದ ಪ್ರಥಮ್ ಸಂಸ್ಥೆಯ ನೇತೃತ್ವದಲ್ಲಿ ೨೦೦೫ರಿಂದ ನಡೆಯುತ್ತಿರುವ ‘ಅಸರ್’ ಸಮೀಕ್ಷೆ, ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳಿಗೆ ಅಂಕೆ ಗುರುತಿಸುವ, ದಶಕ ತೆಗೆದು ಕಳೆಯುವ, ಭಾಗಿಸುವ ಲೆಕ್ಕಗಳನ್ನು ಒಬ್ಬೊಬ್ಬರಾಗಿ ಕೊಡುತ್ತದೆ. ೨೦೨೪ರ ಸಮೀಕ್ಷೆಯಲ್ಲಿ ಮೂರನೆಯ ತರಗತಿಯ ಗ್ರಾಮೀಣ ಮಕ್ಕಳ ಪೈಕಿ ಕಳೆಯುವ ಲೆಕ್ಕವನ್ನಾದರೂ ಮಾಡಬಲ್ಲವರು ಶೇಕಡಾ ೩೩.೭.

ಈ ಅಂಕಿಯನ್ನು ಕೋಷ್ ಮತ್ತು ಶಾಲೆವ್ ಅವರ ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು. ನಲವತ್ತು ಮಕ್ಕಳ ತರಗತಿಯೊಂದರಲ್ಲಿ ಕಳೆಯುವ ಲೆಕ್ಕ ಬಾರದವರು ಇಪ್ಪತ್ತಾರೋ ಇಪ್ಪತ್ತೇಳೋ ಆಗುತ್ತಾರೆ. ಹುಟ್ಟಿನ ನ್ಯೂನತೆಯುಳ್ಳವರು ಎರಡೋ ಮೂರೋ ಆಗುತ್ತಾರೆ. ಉಳಿದ ಇಪ್ಪತ್ತನಾಲ್ಕು ಮಂದಿಯ ತಲೆಯಲ್ಲಿ ದೋಷವಿಲ್ಲ; ಅವರಿಗೆ ತಲುಪಬೇಕಾದ ಪಾಠ ತಲುಪಿಲ್ಲ. ಈ ತಾರತಮ್ಯವನ್ನು ಮರೆತರೆ ಎರಡು ಬಗೆಯ ಅನ್ಯಾಯ ನಡೆಯುತ್ತದೆ. ಇಪ್ಪತ್ತನಾಲ್ಕು ಮಂದಿಯನ್ನು ದಡ್ಡರೆಂದು ಕೈಬಿಡುವುದು ಒಂದು. ಎಲ್ಲರೂ ಹಿಂದಿದ್ದಾರೆಂಬ ಗುಂಪಿನಲ್ಲಿ, ನಿಜವಾಗಿ ಬೇರೆ ನೆರವು ಬೇಕಾದ ಇಬ್ಬರು ಮೂವರು ಕಾಣದೆಹೋಗುವುದು ಇನ್ನೊಂದು. ನಗರಗಳಲ್ಲಿ ಮೂರನೆಯದೂ ಉಂಟು: ಮನೆಯ ನುಡಿ ಬೇರೆಯಾದ ಮಗುವನ್ನು ಅರ್ಧ ತಿಳಿದ ನುಡಿಯಲ್ಲಿ ಪರೀಕ್ಷಿಸಿ, ನುಡಿಯ ತೊಡಕನ್ನು ಬುದ್ಧಿಯ ತೊಡಕೆಂದು ಬರೆದಿಡುವುದು.

೮

ಮುಂಬಯಿ ನಗರಪಾಲಿಕೆ ಹಲವು ಭಾಷೆಗಳಲ್ಲಿ, ಕನ್ನಡದಲ್ಲಿಯೂ, ಪ್ರಾಥಮಿಕ ಶಾಲೆಗಳನ್ನು ನಡೆಸಿಕೊಂಡು ಬಂದಿರುವುದು ಸ್ಮರಣೀಯ. ಆದರೆ ಹೊರನಾಡ ಕನ್ನಡಿಗರ ಬಹುಪಾಲು ಮಕ್ಕಳು ಈಗ ಓದುತ್ತಿರುವುದು ಇಂಗ್ಲಿಷಿನಲ್ಲಿ ಅಥವಾ ಆಯಾ ರಾಜ್ಯದ ಭಾಷೆಯಲ್ಲಿ. ಗಟ್ಟಿ ಪರೀಕ್ಷೆ, ಪ್ರಮಾಣಪತ್ರಗಳೆಲ್ಲ ತಜ್ಞರ ಕೆಲಸ. ಅದಕ್ಕೆ ನಾವು ಕೈಹಾಕಬೇಕಾಗಿಲ್ಲ, ಹಾಕಲೂ ಕೂಡದು. ತಜ್ಞರ ಬಳಿಗೆ ಯಾವ ಮಗುವನ್ನು ಕಳುಹಿಸಬೇಕು, ಯಾವ ಮಗುವಿಗೆ ಪಾಠ ಸಾಕು, ಎಂಬ ಮೊದಲ ವಿವೇಚನೆ ಮಾತ್ರ ಮನೆಯಲ್ಲಿ, ನೆರೆಯಲ್ಲಿ, ಸಂಘದ ಅಂಗಳದಲ್ಲಿ ನಡೆಯಬಹುದಾದುದು. ನಮ್ಮ ಸಂಘಗಳಲ್ಲಿ ನಿವೃತ್ತ ಉಪಾಧ್ಯಾಯರಿಗೆ ಕೊರತೆಯಿಲ್ಲ. ಲೆಕ್ಕದಲ್ಲಿ ಹಿಂದೆ ಬಿದ್ದ ಮಗುವನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಐದಾರು ಕಡಲೆಕಾಳು ಅಥವಾ ಹುಣಿಸೆಬೀಜಗಳನ್ನು ಮುಂದಿಟ್ಟು, ಎಣಿಸದೆ ಎಷ್ಟೆಂದು ಕೇಳುವುದು. ಇಪ್ಪತ್ತರಿಂದ ಹಿಂದಕ್ಕೆ ಎಣಿಸಲು ಹೇಳುವುದು. ಒಂದು ಕಳೆಯುವ ಲೆಕ್ಕವನ್ನು ಬಾಯಿಬಿಟ್ಟು ಮಾಡಲು ಹೇಳಿ ಸುಮ್ಮನೆ ಕೇಳಿಸಿಕೊಳ್ಳುವುದು. ಇದೆಲ್ಲವನ್ನೂ ಮೊದಲು ಕನ್ನಡದಲ್ಲಿ, ಆಮೇಲೆ ಶಾಲೆಯ ನುಡಿಯಲ್ಲಿ ಮಾಡಿಸುವುದು. ಎರಡು ನುಡಿಗಳ ಉತ್ತರ ಬೇರೆಯಾದರೆ ತೊಡಕು ನುಡಿಯದು. ಎರಡರಲ್ಲಿಯೂ ಒಂದೇ ಅಡ್ಡದಾರಿ ಕಂಡರೆ ತೊಡಕು ಪಾಠದ್ದು. ಎರಡರಲ್ಲಿಯೂ ನಾಲ್ಕು ಬೀಜಗಳನ್ನು ಬೆರಳಿಟ್ಟು ಎಣಿಸಬೇಕಾಗಿ ಬಂದರೆ, ಎಂಟು ವರ್ಷ ದಾಟಿದ ಆ ಮಗುವನ್ನು ತಜ್ಞರಿಗೆ ತೋರಿಸಲು ತಡಮಾಡಬಾರದು. ಹತ್ತನೆಯ ಇಯತ್ತೆಯಲ್ಲಿ ದೊರೆಯುವ ರಿಯಾಯಿತಿ ಒಳ್ಳೆಯದೇ. ಆದರೆ ಅಷ್ಟರಲ್ಲಿ ಮಗು ತನ್ನನ್ನು ತಾನು ದಡ್ಡನೆಂದು ನಂಬಿ ಏಳು ವರ್ಷಗಳು ಕಳೆದಿರುತ್ತವೆ.

ಬಳ್ಳಾರಿಯ ಕಲೆಕ್ಟರು ಶಾಲೆಗಳನ್ನೂ ವಿದ್ಯಾರ್ಥಿಗಳನ್ನೂ ಎಣಿಸಿ ವರದಿ ಕಳುಹಿಸಿ ಇನ್ನೂರು ವರ್ಷಗಳು ಸಂದಿವೆ. ಅಂದು ಎಣಿಕೆಗೆ ಬಾರದೆ ಉಳಿದದ್ದು ಸಾಲಿನ ಧ್ವನಿಯಲ್ಲಿ ಮುಚ್ಚಿಹೋದ ಒಬ್ಬೊಬ್ಬ ಮಗುವಿನ ತಡವರಿಕೆ. ಅದನ್ನು ಕೇಳಿಸಿಕೊಳ್ಳಲು ಬೇಕಾದ ಜ್ಞಾನ ಈಗ ನಮ್ಮ ಬಳಿ ಇದೆ. ಇನ್ನು ಬೇಕಾದದ್ದು ಮಗುವಿನ ನುಡಿಯಲ್ಲಿ ಕೇಳುವವರು, ಮತ್ತು ಅವರ ಹತ್ತು ನಿಮಿಷಗಳ ತಾಳ್ಮೆ.